ಹನ್ನೆರಡು ಅಂಗಿಗಳ ಒಳಮಗ್ಗಲು

ಹಗಲು ಹನ್ನೊಂದರ ಹೊತ್ತಿಗೆ ಬ್ರಿಡ್ಜ್‌ವಾಟರಿನ ಆ ಟೌನ್‌ಹೌಸ್ ಸಾಲುಗಳ ನಡುವೆ ಕಾಲ್ನಡಿಗೆಯಲ್ಲಿ ಸಿಗುವವರು ಇಬ್ಬರೇ. ಒಬ್ಬಳು ಮಂಜರಿ. ಇನ್ನೊಬ್ಬಳು ಒಟೀಲಿಯಾ ಎಂಬ, ಎಂಬತ್ತರ ಅಂಚಿನಲ್ಲಿದ್ದ ಸ್ಪೇನಿನ ಮುದುಕಿ. ಉಳಿದವರೆಲ್ಲ ಗ್ಯಾರೇಜಿನೊಳಗೇ ಕಾರು ಹತ್ತಿ ಗ್ಯಾರೇಜಿನೊಳಗೇ ಇಳಿಯುವವರು. ಅವರ ಮುಖ ಕಾಣಬೇಕಾದರೆ ಯಾರದಾದರೂ ಮನೆಯಲ್ಲಿ ಒಗ್ಗರಣೆ ಸೀದು ಬೆಂಕಿಯ ಅಲಾರಮ್ಮು ಹೊಡೆದುಕೊಳ್ಳಬೇಕು.

ಮಂಜರಿ ಗದಗಿನವಳು. ತೊಂಬತ್ತೈದರಲ್ಲಿ ಸತ್ಯನಾರಾಯಣನ ಹೆಂಡತಿಯಾಗಿ, ಅವನ ವೀಸಾದ ಬಾಲಕ್ಕೆ ಕಟ್ಟಿದ ಇನ್ನೊಂದು ವೀಸಾದ ಮೇಲೆ ನ್ಯೂಜೆರ್ಸಿಗೆ ಬಂದಳು. ಆ ವೀಸಾದ ಮೇಲೆ ಅಡಿಗೆ ಮಾಡಬಹುದಿತ್ತು, ಗುಡಿಗೆ ಹೋಗಬಹುದಿತ್ತು, ಹಿಮ ಗೋರಬಹುದಿತ್ತು. ಕೆಲಸ ಮಾಡುವಂತಿರಲಿಲ್ಲ, ಅಂದರೆ ಸಂಬಳದ ಕೆಲಸ. ಸಂಬಳವಿಲ್ಲದ್ದನ್ನು ಅವಳು ಹನ್ನೊಂದು ವರ್ಷ ಮಾಡಿದಳು, ಅದಕ್ಕೆ ಯಾವ ಸರ್ಕಾರದ ತಕರಾರೂ ಬರಲಿಲ್ಲ. ಗ್ರೀನ್ ಕಾರ್ಡು ಕೈಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ರೂಟ್ ಇಪ್ಪತ್ತೆರಡರ ಪಕ್ಕದ ಡ್ರೈ ಕ್ಲೀನರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಳು. ಪ್ಯಾಂಟಿನ ಅಂಚು ಮಡಿಚುವುದು, ಕೋಟಿನ ಒಳಗಿನ ಅಸ್ತರಿ ಬದಲಿಸುವುದು, ಸೊಂಟ ಬಿಡಿಸುವುದು. ಎರಡು ಸಾವಿರದ ಒಂಬತ್ತರಲ್ಲಿ ಸುತ್ತಲಿನ ಕಚೇರಿಗಳು ಜನರನ್ನು ಹೊರಗೆ ಕಳಿಸತೊಡಗಿದವು. ಕೋಟು ಹಾಕುವವರೇ ಇಲ್ಲವಾಗಿ ಅಂಗಡಿ ಮುಚ್ಚಿತು. ಅದೇ ವರ್ಷ, ಔಷಧಿ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದಿದ್ದ ಸತ್ಯನ ಕೆಲಸವೂ ಹೋಯಿತು. ಎಂಟು ತಿಂಗಳು ಸೋಫಾದ ಒಂದೇ ಮೂಲೆಯನ್ನು ಕುಳಿ ಬೀಳಿಸಿ, ಕೊನೆಗೆ ಅವನು ಒಹಾಯೋದ ಕೊಲಂಬಸ್‌ನಲ್ಲಿ ಕಾಂಟ್ರ್ಯಾಕ್ಟು ಹಿಡಿದ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಬರುತ್ತಿದ್ದ, ಭಾನುವಾರ ಸಂಜೆಯ ವಿಮಾನಕ್ಕೆ ಹೊರಡುತ್ತಿದ್ದ.

ಬರುವಾಗ ಒಂದು ನೀಲಿ ಸೂಟ್‌ಕೇಸು ತರುತ್ತಿದ್ದ. ಅದರೊಳಗೆ ಹತ್ತು ಮಾಸಿದ ಶರ್ಟು, ಹತ್ತು ಬನಿಯನ್ನು, ಹತ್ತು ಜೊತೆ ಕಾಲುಚೀಲ. ಭಾನುವಾರ ಅದೇ ಸೂಟ್‌ಕೇಸು ಇಸ್ತ್ರಿಯ ಘಮದೊಂದಿಗೆ ಹೊರಡುತ್ತಿತ್ತು, ಜೊತೆಗೆ ಡಬ್ಬಿಯಲ್ಲಿ ಚಟ್ನಿಪುಡಿ. ಕೊಲಂಬಸ್‌ನ ಅವನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಂಟು ವಾಷಿಂಗ್ ಮಷೀನುಗಳಿದ್ದವು. ಇದನ್ನು ಅವನೇ ಒಮ್ಮೆ ಹೆಮ್ಮೆಯಿಂದ ಹೇಳಿದ್ದ.

ಮಕ್ಕಳಿಲ್ಲ. ಗುಡಿಯ ಹೆಂಗಸರಿಗೆ ಬ್ಲೌಸು ಹೊಲಿದುಕೊಡುತ್ತಿದ್ದಳು. ಅವರು ಬಂದು ಕೈ ಎತ್ತಿ ನಿಂತು ಅಳತೆ ಕೊಟ್ಟು ಹೋಗುವ ಹತ್ತು ನಿಮಿಷ ಬಿಟ್ಟರೆ ಮನೆಯಲ್ಲಿ ಮಾತಾಡುತ್ತಿದ್ದುದು ಫ್ರಿಜ್ಜು ಒಂದೇ. ಅದಕ್ಕೇ ಅವಳು ಹನ್ನೊಂದಕ್ಕೆ ನಡೆಯಲು ಹೊರಡುತ್ತಿದ್ದುದು.

ಒಟೀಲಿಯಾ ತಲೆಗೆ ಕರಿ ವಸ್ತ್ರ ಕಟ್ಟಿಕೊಂಡು ಪಾರ್ಕಿಂಗ್ ಲಾಟನ್ನು ಪ್ರದಕ್ಷಿಣೆ ಹಾಕುತ್ತಿದ್ದಳು. ಮೊದಲ ಒಂದು ತಿಂಗಳು ಇಬ್ಬರೂ ಎದುರು ದಿಕ್ಕಿನಲ್ಲಿ ಸುತ್ತಿ, ದಿನಕ್ಕೆ ಆರು ಸಲ ತಲೆಯಾಡಿಸಿದರು. ಒಂದು ದಿನ ಮುದುಕಿಯೇ ನಿಂತು, ಮಂಜರಿಯ ಚೂಡಿದಾರದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಮಾಡಿ ನೋಡಿದಳು.

"ಕೈ ಹೊಲಿಗಿ," ಅಂದಳು.

"ಹೌದ್ರೀ," ಅಂದಳು ಮಂಜರಿ.

ಅಂದಿನಿಂದ ಇಬ್ಬರೂ ಒಂದೇ ದಿಕ್ಕಿಗೆ ನಡೆದರು. ಮಾತು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಮುದುಕಿಯ ಇಂಗ್ಲಿಷು ನ್ಯೂಅರ್ಕಿನ ಸ್ಪ್ಯಾನಿಷ್ ಬೀದಿಗಳಲ್ಲಿ ಇಪ್ಪತ್ತೈದು ವರ್ಷ ತರಕಾರಿ ಕೊಂಡು ಕಲಿತದ್ದು, ಅರ್ಧ ಮಾತು ಕೈಯಲ್ಲೇ ಆಗುತ್ತಿತ್ತು. ಮಂಜರಿಯ ಕಿವಿಗೆ ಮಾತ್ರ ಅದು ಗದಗಿನ ಮಾತಾಗಿಯೇ ಬಂದು ಬೀಳುತ್ತಿತ್ತು. ಮುದುಕಿ ಅವಳನ್ನು ಮಗಳೇ ಎನ್ನುತ್ತಿದ್ದಳು. ಮಂಜರಿ ಸೆನ್ಯೋರಾ ಎಂದು ಕರೆಯುತ್ತ, ಮನಸ್ಸಿನಲ್ಲಿ ಅಜ್ಜಿಯನ್ನು ಕರೆದಂತೆ ಆಯಿ ಎಂದುಕೊಳ್ಳುತ್ತಿದ್ದಳು.

ಎರಡು ಸಾವಿರದ ಹನ್ನೆರಡರ ಏಪ್ರಿಲ್‌ನಲ್ಲಿ ಒಂದು ದಿನ ಒಟೀಲಿಯಾಳ ಮಗ ಬೆನೀಟೋ ಮಂಜರಿಯ ಬಾಗಿಲು ತಟ್ಟಿದ. ಹೆದ್ದಾರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದ ಐವತ್ತರ ಸಭ್ಯ ಮನುಷ್ಯ. ಕೈಯಲ್ಲಿ ರಟ್ಟಿನ ಹಳೆಯ ಪೆಟ್ಟಿಗೆ.

"ಅಮ್ಮ ಹೇಳಿದರು, ನೀವು ಹಳೇ ಬಟ್ಟೆ ಸೇರಿಸಿ ಹೊದಿಕೆ ಹೊಲಿಯುತ್ತೀರಂತೆ."

"ಕೌದಿ," ಅಂದಳು ಮಂಜರಿ. "ಅವ್ವ ಹೊಲೀತಿದ್ಲು. ನಾನೂ ಹೊಲೀತೀನಿ."

ಪೆಟ್ಟಿಗೆಯಲ್ಲಿ ಹನ್ನೆರಡು ಬಿಳಿ ಅಂಗಿಗಳಿದ್ದವು. ತೋಳಿಲ್ಲದ ದಪ್ಪ ಹತ್ತಿಯ ಅಂಗಿಗಳು, ಎದೆಯ ಮೇಲೂ ಬೆನ್ನ ಮೇಲೂ ಕೆಂಪು ಉಣ್ಣೆ ಬಟ್ಟೆಯ ಅಂಕಿ. ನಾಲ್ಕರಿಂದ ಹದಿನೈದರವರೆಗೆ, ಅಲ್ಲಿ ಬಾಸ್ಕೆಟ್‌ಬಾಲ್ ತಂಡದ ಅಂಕಿಗಳು ನಾಲ್ಕರಿಂದಲೇ ಶುರುವಂತೆ. ಅವರ ಊರಿನ ಕ್ಲಬ್ಬಿನವು, ಎಪ್ಪತ್ತರ ದಶಕದ ಮೊದಲ ವರ್ಷಗಳವು, ಎಂದ ಬೆನೀಟೋ. ವಿಲಾಮಾರ ಬಾಸ್ಕೆಟ್. ಸ್ಪೇನಿನ ವಾಯವ್ಯ ಮೂಲೆಯಲ್ಲಿ, ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಸಣ್ಣ ಊರು. ಐವತ್ತೇಳರಲ್ಲಿ ಚರ್ಚಿನ ಅಂಗಳದಲ್ಲಿ ಹುಟ್ಟಿದ ತಂಡ ಎಪ್ಪತ್ತೊಂಬತ್ತರ ಹೊತ್ತಿಗೆ ದೇಶದ ಮೇಲಿನ ದರ್ಜೆಗೆ ಏರಿತ್ತು. ಆಟಗಾರರಿಗೆ ಸಂಬಳ, ಅಮೆರಿಕದಿಂದ ಕರೆಸಿದ ಎತ್ತರದ ಆಳುಗಳು, ಟಿವಿ, ಎಲ್ಲ ಬಂದಿತ್ತು. ಈಗ ಬೆನ್ನಿಗಿದ್ದ ಉಳಿತಾಯ ಬ್ಯಾಂಕೇ ಮುಳುಗಿ, ಕ್ಲಬ್ಬು ಈ ಮೇ ತಿಂಗಳಿಗೆ ಬಾಗಿಲು ಹಾಕುತ್ತದೆ. ಕೊನೆಯ ಪಂದ್ಯದ ದಿನ ನ್ಯೂಅರ್ಕಿನ ಊರವರ ಸಂಘದಲ್ಲಿ ಎಲ್ಲರೂ ಸೇರುತ್ತಾರೆ. ಇವನು ಕ್ಲಬ್ಬಿನ ಚರಿತ್ರೆ ಓದುತ್ತಾನೆ. ಗೋಡೆಯ ಮೇಲೆ ಈ ಹನ್ನೆರಡು ಅಂಗಿಗಳ ಹೊದಿಕೆ ಇರಬೇಕು. ಆಮೇಲೆ ಅದು ವಿಲಾಮಾರದ ಪುರಸಭೆಯ ಮ್ಯೂಸಿಯಮ್ಮಿಗೆ ಹೋಗುತ್ತದೆ.

"ಮುಂದೆ ಅಂಕಿ ಕಾಣಬೇಕು, ಹಿಂದೆ ಪೂರ್ತಿ ಅಸ್ತರಿ. ನೀಟಾಗಿ," ಎಂದ. "ಅಪ್ಪ ಇಪ್ಪತ್ತೈದು ವರ್ಷ ತಂಡದ ಸಾಮಾನು ನೋಡಿಕೊಂಡವರು. ಚರಿತ್ರೆಯಲ್ಲಿ ಅವರಿಗೆ ಒಂದು ಪುಟ ಕೊಟ್ಟಿದ್ದೀನಿ."

ಅವನು ಬರೆದ ಚರಿತ್ರೆಯ ಒಂದು ಪ್ರತಿ ಪೆಟ್ಟಿಗೆಯಲ್ಲೇ ಇತ್ತು, ಇಂಗ್ಲಿಷಿನಲ್ಲಿ, ಇಲ್ಲಿ ಹುಟ್ಟಿದ ಮಕ್ಕಳಿಗಾಗಿ. ಮಂಜರಿ ಊಟದ ಟೇಬಲ್ಲಿಗೆ ಒರಗಿಸಿಕೊಂಡು ಓದಿದಳು. ಅಧ್ಯಕ್ಷರು, ತರಬೇತುದಾರರು, ಗೆದ್ದ ಅಂಕ, ಸೋತ ಅಂಕ. ಎಪ್ಪತ್ತಮೂರರ ಪುಟಕ್ಕೆ ಮಾತ್ರ ದೊಡ್ಡ ತಲೆಬರಹ: ಮೂರು ಭಾನುವಾರಗಳು. ಹೊರಊರಿನ ಪಂದ್ಯ ಮುಗಿಸಿ ಬರುವಾಗ ರೈಲಿನಲ್ಲಿ ಅಂಗಿಗಳ ಬುಟ್ಟಿ ಕಳೆಯಿತು. ತಂಡ ಮೂರು ಭಾನುವಾರ ಬರೀ ಬನಿಯನ್ನಿನಲ್ಲಿ, ಬೆನ್ನ ಮೇಲೆ ಇದ್ದಿಲಿನಲ್ಲಿ ಅಂಕಿ ಬರೆದುಕೊಂಡು ಆಡಿತು. ಮೂರೂ ಸೋತಿತು. ನಾಲ್ಕನೆಯ ವಾರ ಬುಟ್ಟಿ ಪವಾಡದಂತೆ ಸಿಕ್ಕಿತು, ತಂಡ ಅಲ್ಲಿಂದ ಒಂದೂ ಸೋಲಲಿಲ್ಲ. 'ರೈಲು ನಮ್ಮ ಅಂಗಿ ಕದ್ದಿತು, ಎದೆ ಕದಿಯಲಿಲ್ಲ' ಎಂಬುದು ಇಂದಿಗೂ ಕ್ಲಬ್ಬಿನ ಘೋಷಣೆ. ಒಟೀಲಿಯಾಳ ಹೆಸರು ಪುಸ್ತಕದಲ್ಲಿ ಒಂದು ಕಡೆ ಬಂದಿತ್ತು, ಅಪ್ಪನ ಫೋಟೋದ ಕೆಳಗೆ: ಪತ್ನಿಯೊಂದಿಗೆ.

ಮರುದಿನ ಅಂಗಿಗಳನ್ನು ಬಿಚ್ಚಲು ಕೂತಳು. ಕೌದಿಗೆ ಬಟ್ಟೆ ಚಪ್ಪಟೆಯಾಗಿ ಕೂಡಬೇಕಾದರೆ ಮೊದಲು ಅಂಚಿನ ಮಡಿಕೆ ಬಿಡಿಸಬೇಕು. ನಾಲ್ಕನೆಯ ಅಂಕಿಯ ಅಂಗಿಯ ಕೆಳ ಅಂಚನ್ನು ತಿರುವಿದಾಗ ಬೆರಳಿಗೆ ಏನೋ ತಾಕಿತು, ಸಾಸಿವೆ ಕಾಳಿನಂತೆ. ಕಿಟಕಿಯ ಹತ್ತಿರ ಹಿಡಿದು ನೋಡಿದಳು. ದಾರದ ಗಂಟು. ಅದರ ಪಕ್ಕ ಇನ್ನೊಂದು, ಇನ್ನೊಂದು. ಅಂಚಿನ ಒಳಮಗ್ಗಲಿಗೆ ಸುತ್ತಲೂ, ಒಂದೇ ಅಂತರದಲ್ಲಿ, ನೂರರ ಹತ್ತಿರ ಗಂಟು. ಇದು ಹರಿದದ್ದಕ್ಕೆ ಹಾಕಿದ್ದಲ್ಲ. ಏನನ್ನೂ ಹಿಡಿದು ನಿಲ್ಲಿಸದ ಗಂಟು.

ಐದನೆಯದರಲ್ಲೂ ಹಾಗೆಯೇ. ಆರರಲ್ಲೂ. ಹನ್ನೆರಡನ್ನೂ ತಿರುವಿ ನೆಲದ ಮೇಲೆ ಸಾಲಾಗಿ ಹಾಸಿದಾಗ ಇನ್ನೊಂದು ಕಂಡಿತು. ಪ್ರತಿ ಅಂಗಿಯಲ್ಲೂ ಗಂಟಿನ ಸಾಲು ಅರ್ಧ ದಾಟಿದ ಮೇಲೆ, ಒಂದೇ ಜಾಗದಲ್ಲಿ, ಎರಡು ಬೆರಳಗಲ ಬರಿದಾಗಿತ್ತು. ಹನ್ನೆರಡು ಅಂಗಿಗಳ ಆ ಬರಿದು ಒಂದರ ಪಕ್ಕ ಒಂದು ಸೇರಿ ಸಣ್ಣ ಓಣಿಯಾಗಿತ್ತು.

ಹೊಲಿಗೆಯವಳು ಇಂಥದ್ದನ್ನು ತಪ್ಪಿ ಬಿಡುವುದಿಲ್ಲ, ಬೇಕೆಂದೇ ಬಿಡುತ್ತಾಳೆ. ಮಂಜರಿ ಒಲೆ ಆರಿಸಿ, ನಾಲ್ಕನೆಯ ಅಂಗಿಯನ್ನು ಮಡಿಚಿಕೊಂಡು ಒಟೀಲಿಯಾಳ ಮನೆಗೆ ನಡೆದಳು.

ಮುದುಕಿ ಬಟಾಟೆ ಸುಲಿಯುತ್ತಿದ್ದಳು. ಅಂಗಿಯ ಅಂಚು ತಿರುವಿದ್ದನ್ನು ನೋಡಿ ಚಾಕು ಕೆಳಗಿಟ್ಟಳು.

"ಮೂವತ್ತೆಂಟು ವರ್ಷ ಯಾರೂ ತಿರುವಿ ನೋಡಿರಲಿಲ್ಲ, ನೀ ನೋಡಿದಿ?"

"ಕೌದಿ ಮಾಡೂದಂದ್ರ ಬಿಚ್ಚೂದು ಮೊದಲ, ಆಯಿ." ಬಾಯಿತಪ್ಪಿ ಆಯಿ ಅಂದುಬಿಟ್ಟಿದ್ದಳು. ಮುದುಕಿ ಅದೇನೆಂದು ಕೇಳಲಿಲ್ಲ.

"ಕೆಂಪು ಬಣ್ಣ ಬಿಡ್ತಿತ್ತು," ಅಂದಳು. "ಅಂಕಿ ಹಂಗ ಇಟ್ಟು ಒಗದ್ರ ಅಂಗಿ ತುಂಬ ರಕ್ತ ಬಿದ್ದಂಗ ಆಗ್ತಿತ್ತು. ಅದಕ್ಕ ಸೋಮವಾರ ಕೂತು ಎಲ್ಲಾ ಅಂಕಿ ಬಿಚ್ಚಾಕಿ, ಮಂಗಳವಾರ ಒಗ್ಯಾಕಿ. ನಮ್ಮಲ್ಲಿ ದಿನಾ ಮಳಿ, ಒಲೀ ಮುಂದ ಎರಡು ದಿನ ಒಣಗಸಾಕಿ. ಶುಕ್ರವಾರ, ಶನಿವಾರ ಮತ್ತ ಎಲ್ಲಾ ಹೊಲ್ಯಾಕಿ. ಭಾನುವಾರ ಆಟ. ಸೋಮವಾರ ಮತ್ತ ಬಿಚ್ಚೂದು."

ಮಂಜರಿ ಮನಸ್ಸಿನಲ್ಲೇ ಎಣಿಸಿದಳು. ನಾಲ್ಕರಿಂದ ಒಂಬತ್ತರವರೆಗೆ ಒಂದೊಂದು ಅಂಕಿ, ಹತ್ತರಿಂದ ಹದಿನೈದರವರೆಗೆ ಎರಡೆರಡು. ಮುಂದೆ ಹದಿನೆಂಟು, ಹಿಂದೆ ಹದಿನೆಂಟು. ವಾರಕ್ಕೆ ಮೂವತ್ತಾರು ಅಂಕಿ ಬಿಚ್ಚಿ ಮೂವತ್ತಾರು ಹೊಲಿಯುವುದು.

"ಈ ಗಂಟು?"

"ಹೊಲ್ಯೂದು ಮುಗದ ಮ್ಯಾಲೆ ಸೂಜ್ಯಾಗ ಒಂದೀಟು ದಾರ ಉಳೀತದಲ್ಲ. ಅದನ್ನ ಚೆಲ್ಲಬಾರದು ಅಂತ ವಾರಕ್ಕೊಂದು ಗಂಟು. ಮೊದಲ ಸುಮ್ಮ ಹಾಕಿದ್ದೆ. ಆಮ್ಯಾಲೆ ಲೆಕ್ಕ ಇರಲಿ ಅಂತ ಹಾಕಿದೆ. ಬ್ಯಾರೆ ಯಾರೂ ಇಡ್ಲಿಲ್ಲಲ್ಲ."

"ಮತ್ತ ಇಲ್ಲಿ ಬರಿದು ಐತಲ್ಲ?" ಮಂಜರಿ ಬೆರಳಿಟ್ಟು ತೋರಿಸಿದಳು.

ಒಟೀಲಿಯಾ ಬಾಗಿಲ ಕಡೆ ನೋಡಿದಳು. ಮಗ ಕೆಲಸಕ್ಕೆ ಹೋಗಿದ್ದ. ಅವನಿಗೆ ಮದುವೆಯಾಗಿರಲಿಲ್ಲ, ಮನೆಯಲ್ಲಿ ಮತ್ತೊಬ್ಬರಿರಲಿಲ್ಲ. ಆದರೂ ಅವಳು ದನಿ ತಗ್ಗಿಸಿದಳು.

"ಬುಟ್ಟಿ ರೈಲಿನಾಗ ಕಳೀಲಿಲ್ಲ. ನನ್ನ ಮಂಚದ ಕೆಳಗ ಇತ್ತು."

ಮಂಜರಿ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

ಹನ್ನೆರಡು ವರ್ಷ ಅಂಗಿ ಒಗೆದ ಮೇಲೆ ಒಟೀಲಿಯಾ ಕೇಳಿದ್ದು ಒಂದೇ. ಒಂದು ಪಂದ್ಯ ಕೂತು ನೋಡಬೇಕು. ಆಟದ ಅಂಕಣದ ಪಕ್ಕ ಆಡಳಿತ ಮಂಡಳಿಯವರ ಹೆಂಡಿರಿಗೆ ಅಂತ ಕುರ್ಚಿಗಳಿದ್ದವು, ಅದರಲ್ಲೊಂದು. ಸಾಮಾನು ನೋಡುವವನ ಹೆಂಡತಿಗೆ ಆ ಸಾಲಿನಲ್ಲಿ ಜಾಗವಿಲ್ಲ ಎಂದು ಮಂಡಳಿ ಹೇಳಿ ಕಳಿಸಿತು. ಗಂಡ ಎವರಿಸ್ತೋ ಆ ಮಾತನ್ನು ಹೊತ್ತು ತಂದು, ತನ್ನದೊಂದು ಮಾತನ್ನೂ ಸೇರಿಸಿದ: ನೀನು ಅಲ್ಲಿ ಕೂತರೆ ಇಲ್ಲಿ ನೀರು ಕಾಯಿಸುವವರು ಯಾರು? ಆ ಸೋಮವಾರ ಅವಳು ಬುಟ್ಟಿಯನ್ನು ಬೆವರ ಸಮೇತ ಮಂಚದ ಕೆಳಗೆ ತಳ್ಳಿ, ಹೊದಿಕೆಯನ್ನು ನೆಲ ಮುಟ್ಟುವಂತೆ ಇಳಿಬಿಟ್ಟಳು.

"ನಿಮ್ಮ ಯಜಮಾನರಿಗೆ ಗೊತ್ತಿತ್ತೇನ್ರಿ?"

"ಮಂಚದ ಮ್ಯಾಲೆ ಮಲಗಾಂವ ಅವನ ಅಲ್ಲೇನು? ಹನ್ನೆರಡು ಗಂಡಸರ ಬೆವರು ಮೂರು ವಾರ! ಮೂಗು ಇಲ್ದಾಂವಗೂ ಗೊತ್ತಾಗ್ತಿತ್ತು." ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೆಂಡತಿ ಒಗೀಲಿಲ್ಲ ಅಂತ ಹೇಳಾಕ ಮರ್ಯಾದಿ ಅಡ್ಡ ಬಂತು. ರೈಲು ಅಂದ. ರೈಲು ಎದುರು ಮಾತಾಡಂಗಿಲ್ಲಲ್ಲ."

"ಆಮ್ಯಾಲೆ ಕುರ್ಚಿ ಕೊಟ್ರಾ?"

ನಗು ನಿಂತಿತು. "ಕೊಟ್ರು. ನನ್ನ ಗಂಡನ ಹೋಗಿ ಬೇಡಿ ತಂದ. ನಾಕನೇ ವಾರ ಹೋಗಿ ಕೂತೆ. ಮಗಳ, ನಾ ಆಟ ನೋಡ್ಲಿಲ್ಲ. ಏಳನೇ ಅಂಕಿ ಮೂಲಿ ಎದ್ದಿತ್ತು, ಅದನ್ನ ನೋಡಿದೆ. ಹನ್ನೊಂದನೇ ಅಂಗೀಗೆ ಬೆವರು ಇಳದು ಕೆಂಪು ಹರಡಾಕತ್ತಿತ್ತು, ಅದನ್ನ ನೋಡಿದೆ. ಎಲ್ಲಾರೂ ಎದ್ದು ಕೂಗಿದಾಗ ನಂಗ ಯಾರು ಗೆದ್ದಾರ ಅಂತ ಪಕ್ಕದಾಕಿನ್ನ ಕೇಳಬೇಕಾತು. ಮುಂದ ಮತ್ತ ಹೋಗ್ಲಿಲ್ಲ."

ಬಟಾಟೆಯ ನೀರು ಟೇಬಲ್ಲಿನ ಮೇಲೆ ಹರಿದಿತ್ತು. ಇಬ್ಬರ ಕೈಯೂ ಒಟ್ಟಿಗೇ ಒರೆಸುವ ಬಟ್ಟೆಗೆ ಹೋಯಿತು.

"ಬೆನೀಟೋಗ ಹೇಳ್ರಿ," ಅಂದಳು ಮಂಜರಿ. "ಚರಿತ್ರೆ ಓದ್ತಾರಲ್ಲ."

"ಅವನ ಅಪ್ಪ ಸತ್ತಾನ. ಸತ್ತಾಂವನ್ನ ಸುಳ್ಳ ಅನಬೇಕಾಗ್ತದ." ಅವಳು ಮತ್ತೆ ಚಾಕು ಹಿಡಿದಳು. "ಆದ್ರ ಕ್ಲಬ್ಬು ಮುಗೀತಂದ್ರ ಮತ್ತ್ಯಾರು ಕೇಳ್ತಾರ? ಇದ ಕಡೀ ಭಾನುವಾರ." ಸಿಪ್ಪೆ ಒಂದೇ ಉದ್ದಕ್ಕೆ ಬಂದು ಬಟ್ಟಲಿಗೆ ಬಿತ್ತು. "ಮುಚ್ಚಿಬಿಡು, ಮಗಳ. ಅಸ್ತರಿ ಹಾಕಿ ಮುಚ್ಚಿಬಿಡು."

ಮೂರು ವಾರ ಮಂಜರಿ ಕೌದಿ ಹೊಲಿದಳು. ನೆಲದ ಮೇಲೆ ಹಾಸಿ, ಮೇಲೆ ಕೂತು, ಹೊರಗಿನಿಂದ ಒಳಗೆ ಸುತ್ತುತ್ತ ಬರುವ ಸಣ್ಣ ಓಟದ ಹೊಲಿಗೆ. ಟಿವಿ ಹಚ್ಚಲಿಲ್ಲ. ಹೊಲಿಯುವಾಗ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಈ ಅಸ್ತರಿ ಕೂಡಿತೆಂದರೆ ಆ ಗಂಟುಗಳನ್ನು ಇನ್ನು ಯಾರೂ ಕಾಣುವುದಿಲ್ಲ. ಮ್ಯೂಸಿಯಮ್ಮಿನ ಗಾಜಿನ ಹಿಂದೆ ಅಂಕಿಗಳು ನಿಲ್ಲುತ್ತವೆ, ಕೆಳಗೆ ಚೀಟಿಯಲ್ಲಿ ರೈಲಿನ ಕಥೆ ಇರುತ್ತದೆ. ಮುಚ್ಚು ಅಂದವಳು ಕಡೀ ಭಾನುವಾರ ಎಂದೂ ಅಂದಿದ್ದಳು. ಎರಡೂ ಒಂದೇ ಬಾಯಿಯ ಮಾತು. ಯಾವುದನ್ನು ಕೇಳಬೇಕು?

ಗದಗಿನ ಮನೆಯಲ್ಲಿ ಅವ್ವನದೊಂದು ರೂಢಿ ಇತ್ತು. ಕೌದಿಯ ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ಬಿಡುತ್ತಿದ್ದಳು. ಕೊನೆಯ ದಿನ ಆ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು, ಕೌದಿಯ ಹೊಟ್ಟೆ ತುಂಬಿಸಿ, ಆಮೇಲೆ ಹೊಲಿಯುವುದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಅನ್ನುತ್ತಿದ್ದಳು. ಮಂಜರಿ ಹನ್ನೊಂದನೆಯ ಅಂಗಿಯನ್ನು ನಾಲ್ಕನೆಯ ಮೂಲೆಗೆ ತಂದಳು. ಅದರ ಗಂಟುಗಳೂ, ಎರಡು ಬೆರಳ ಬರಿದೂ ಸರಿಯಾಗಿ ಮೂಲೆಯ ಬಾಯಿಗೆ ಬರುವಂತೆ ಕೂಡಿಸಿ, ಹಾಗೇ ತೆರೆದಿಟ್ಟಳು.

ಪಂದ್ಯದ ಹಿಂದಿನ ಶುಕ್ರವಾರ ಸತ್ಯ ಬಂದ. ನೀಲಿ ಸೂಟ್‌ಕೇಸು ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಬಂದು ನಿಂತಿತು. ಶನಿವಾರ ಸಂಜೆಯೂ ಅದು ಅಲ್ಲೇ ಇತ್ತು.

"ಮಂಜೂ, ಬ್ಯಾಗ್ ಹಂಗ ಐತಲ್ಲ?"

"ಹೂಂ. ಐತಿ."

"ಮೈಯಾಗ ಆರಾಮಿಲ್ಲೇನು?"

"ಆರಾಮ್ ಅದೀನಿ. ಕೌದಿ ಮುಗಸಬೇಕು."

ಅವನು ಕೌದಿಯನ್ನು ಒಂದು ಸುತ್ತು ಹಾಕಿ ನೋಡಿದ. "ಚಲೋ ಆಗೇದ. ಆದ್ರ ಈ ಮೂಲಿ ಬಿಟ್ಟಿ ನೋಡು," ಎಂದು ಬೆರಳು ತೋರಿಸಿ, ಕ್ರಿಕೆಟ್ಟಿನ ಸ್ಕೋರು ನೋಡಲು ಹೋದ. ಅವನು ಕೆಟ್ಟವನಲ್ಲ. ಹೆಂಡತಿ ಏನನ್ನು ಬಿಟ್ಟಿದ್ದಾಳೆ ಎಂದು ಅವನ ಕಣ್ಣಿಗೆ ಕೂಡಲೇ ಕಾಣುತ್ತಿತ್ತು, ಅಷ್ಟೇ.

ಭಾನುವಾರ ಬೆಳಿಗ್ಗೆ ಬೆನೀಟೋನ ಕಾರಿನಲ್ಲಿ ಮೂವರೂ ನ್ಯೂಅರ್ಕಿಗೆ ಹೊರಟರು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರ ನಡುವೆ ಕೌದಿ ಮಡಿಚಿ ಕೂತಿತ್ತು. ಮಂಜರಿ ತೆರೆದ ಮೂಲೆಯನ್ನು ಎಳೆದು ಮುದುಕಿಯ ಮಡಿಲಿಗಿಟ್ಟಳು.

"ಇದೊಂದು ಮುಚ್ಚಿಲ್ಲ. ಸೂಜಿ ದಾರ ತಂದೇನಿ. ನೀವು ಹೂಂ ಅಂದ್ರ ಇಲ್ಲೇ ಕಾರಿನಾಗ ಮುಚ್ಚತೀನಿ."

ಒಟೀಲಿಯಾ ಹೂಂ ಅನ್ನಲಿಲ್ಲ. ಉಹೂಂ ಅನ್ನಲಿಲ್ಲ. ದಾರಿಯುದ್ದಕ್ಕೂ ಹೆಬ್ಬೆರಳನ್ನು ಆ ಗಂಟುಗಳ ಮೇಲೆ ಆಡಿಸುತ್ತ ಕಿಟಕಿಯಾಚೆ ನೋಡುತ್ತಿದ್ದಳು.

ಸಂಘದ ಸಭಾಂಗಣ ಇಗರ್ಜಿಯ ಹಿಂದಿನ ಗಲ್ಲಿಯಲ್ಲಿತ್ತು. ಎಂಬತ್ತು ಜನರಿರಬಹುದು, ಹಲವರು ಕೊರಳಿಗೆ ಕೆಂಪು ಬಿಳಿ ಪಟ್ಟಿ ಸುತ್ತಿದ್ದರು. ಒಂದು ಗೋಡೆಗೆ ದೊಡ್ಡ ಪರದೆ; ಸ್ಪೇನಿನಲ್ಲಿ ಸಂಜೆ ಆರಕ್ಕೆ ಶುರುವಾಗುವ ಪಂದ್ಯ ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ. ಎದುರು ಗೋಡೆಗೆ ಬೆನೀಟೋ ಕೌದಿಯನ್ನು ಕ್ಲಿಪ್ಪು ಹಾಕಿ ತೂಗಿಸಿದ. ಹನ್ನೆರಡು ಅಂಕಿಗಳೂ ಮುಂದಕ್ಕೆ ನಿಂತವು. ಗಂಡಸರು ಬಂದು ಮುಟ್ಟಿ ನೋಡಿ, ನಾಲ್ಕು ಯಾರದು, ಹದಿನಾಲ್ಕು ಯಾರದು ಎಂದು ಹೆಸರು ಹಿಡಿದು ಕೂಗಿದರು. ಹೆಂಗಸರು ಅಡಿಗೆಮನೆಯಲ್ಲಿ ಮೀನಿನ ಕಡುಬು ಬಿಸಿ ಮಾಡುತ್ತಿದ್ದರು. ಮಂಜರಿಯನ್ನು ಯಾರೂ ಮಾತಾಡಿಸಲಿಲ್ಲ. ಒಬ್ಬಾಕೆ ಅವಳ ಕೈಗೆ ತಟ್ಟೆಗಳ ಸಾಲು ಕೊಟ್ಟು, ಹಂಚು ಎಂಬಂತೆ ತಲೆಯಾಡಿಸಿ ಹೋದಳು.

ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿದ್ದಾಗ ಬೆನೀಟೋ ಮೈಕಿನಲ್ಲಿ ಚರಿತ್ರೆ ಓದತೊಡಗಿದ. ಅವರ ಭಾಷೆ ಮಂಜರಿಗೆ ಬಾರದು. ಆದರೆ ಇಸವಿಗಳು ಬರುವ ಜಾಗ ಗೊತ್ತಾಗುತ್ತಿತ್ತು. ಎಪ್ಪತ್ತಮೂರಕ್ಕೆ ಬಂದಾಗ ಇಡೀ ಸಭೆ ಕೈ ತಟ್ಟುತ್ತ ಘೋಷಣೆಯನ್ನು ಒಟ್ಟಿಗೆ ಕೂಗಿತು. ರೈಲು ಅಂಗಿ ಕದ್ದಿತು, ಎದೆ ಕದಿಯಲಿಲ್ಲ.

ಆಗ ಮುಂದಿನ ಸಾಲಿನಲ್ಲಿ ಒಟೀಲಿಯಾ ಎದ್ದಳು.

ಅವಳ ಮಾತು ಮಂಜರಿಗೆ ಅರ್ಥವಾಗಲಿಲ್ಲ. ಕೈ ಅರ್ಥವಾಯಿತು. ಮೊದಲು ಕೈ ಬೀಸಿ ರೈಲನ್ನು ಅಳಿಸಿದಳು. ಆಮೇಲೆ ಅಂಗೈಯನ್ನು ಮಂಚದ ಎತ್ತರಕ್ಕೆ ಹಿಡಿದು, ಇನ್ನೊಂದು ಕೈಯಿಂದ ಏನನ್ನೋ ಅದರ ಕೆಳಗೆ ತಳ್ಳಿದಳು. ಕೊನೆಗೆ ತನ್ನ ಎದೆ ಮುಟ್ಟಿಕೊಂಡಳು.

ಸಭೆ ಗೊಳ್ಳೆಂದು ನಕ್ಕಿತು. ಒಬ್ಬ ಮುದುಕ ಎದ್ದು ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, ಎಂಥ ತಮಾಷೆ ಎಂಬಂತೆ ಬೆನ್ನು ತಟ್ಟಿದ. ಬೆನೀಟೋ ಕೂಡ ನಗುತ್ತ ಮೈಕಿನಲ್ಲಿ ಏನೋ ಅಂದ, ಅಮ್ಮನಿಗೆ ವಯಸ್ಸಾಯಿತು ಎನ್ನುವಾಗ ಎಲ್ಲ ದೇಶದ ಮಕ್ಕಳೂ ತರುವ ದನಿಯಲ್ಲಿ. ಪುಟ ತಿರುವಿ ಎಪ್ಪತ್ತಾರಕ್ಕೆ ಹೋದ.

ಒಟೀಲಿಯಾ ಕೂರಲಿಲ್ಲ. ಕೌದಿಯ ಹತ್ತಿರ ನಡೆದು ಹೋಗಿ ತೆರೆದ ಮೂಲೆಗೆ ಕೈ ಹಾಕಿದಳು, ಅಂಚನ್ನು ಹೊರಗೆ ತಿರುವಿ ಹಿಡಿದಳು. ಮಂಜರಿ ತಟ್ಟೆಗಳನ್ನು ಯಾರದೋ ಮಡಿಲಿಗಿಟ್ಟು ಹೋಗಿ, ಬಟ್ಟೆ ಮತ್ತೆ ಮಡಿಚಿಕೊಳ್ಳದಂತೆ ಇನ್ನೊಂದು ತುದಿ ಹಿಡಿದುಕೊಂಡಳು. ಹಾಗೆ ಇಬ್ಬರೂ ನಿಂತರು, ಒಗೆದ ಸೀರೆ ಹಿಂಡಲು ಎರಡು ಕಡೆ ಹಿಡಿದು ನಿಂತವರ ಹಾಗೆ.

ಬಂದು ನೋಡಿದವರು ಇಬ್ಬರೇ. ಅಡಿಗೆಮನೆಯಿಂದ ಕೈ ಒರೆಸುತ್ತ ಬಂದ ಒಬ್ಬ ಹೆಂಗಸು ಕನ್ನಡಕ ಏರಿಸಿ ಗಂಟುಗಳ ಮೇಲೆ ಬೆರಳು ಓಡಿಸಿದಳು. ಬರಿದು ಜಾಗಕ್ಕೆ ಬಂದಾಗ ಬೆರಳು ನಿಂತಿತು. ಅವಳು ನಗಲಿಲ್ಲ. ಒಟೀಲಿಯಾಳ ಮುಖ ನೋಡಿ, ಒಳಗೆ ಸೀಯುತ್ತಿರುವ ವಾಸನೆ ಬಂದು ಓಡಿದಳು.

ಎರಡನೆಯವನು ಬೆನೀಟೋ. ಓದು ಮುಗಿಸಿ ಬಂದು ಮಂಜರಿಯನ್ನು ಮೆಲ್ಲಗೆ ಕೇಳಿದ: "ಈ ಮೂಲೆ ಹೊಲಿಯೋದು ಮರೆತುಹೋಯಿತಾ?"

"ಮರೆತಿಲ್ಲ," ಅಂದಳು ಮಂಜರಿ. "ನಿಮ್ಮ ತಾಯಿಯ ವಾರಗಳು ಅವು. ಎಣಿಸಿ ನೋಡಿ. ಮೂರು ವಾರ ಇಲ್ಲ."

ಅವನು ಎಂಜಿನಿಯರು. ಎಣಿಸಲು ಬಗ್ಗಿದ. ಐದು, ಹತ್ತು, ಇಪ್ಪತ್ತು ಆಗುತ್ತಿದ್ದಂತೆ ಅವನ ತುಟಿ ಆಡುವುದು ನಿಧಾನವಾಯಿತು. ಅಷ್ಟರಲ್ಲಿ ಯಾರೋ ಪರದೆಯ ಕಡೆಯಿಂದ ಅವನ ಹೆಸರು ಕೂಗಿದರು. ಪಂದ್ಯ ಶುರುವಾಗಿತ್ತು, ಧ್ವನಿ ಬರುತ್ತಿರಲಿಲ್ಲ. ಅವನು ಅರ್ಧಕ್ಕೆ ಬಿಟ್ಟು ಎದ್ದ. ಹೋಗುವಾಗ ಅಮ್ಮನ ಭುಜ ಮುಟ್ಟಿದ.

ಒಟೀಲಿಯಾ ಒಂದೊಂದೇ ಕ್ಲಿಪ್ಪು ತೆಗೆದು ಕೌದಿಯನ್ನು ಇಳಿಸಿದಳು.

"ಮ್ಯೂಸಿಯಮ್ಮಿಗೆ ಬ್ಯಾಡೇನ್ರಿ?" ಮಂಜರಿ ಕೇಳಿದಳು.

"ನಾ ಸತ್ತ ಮ್ಯಾಲೆ ಕೇಳ್ಲಿ. ಹೊದಿಕಿ ಹೊದ್ಯಾಕ ಇರ್ತದ."

ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತರು. ಮುದುಕಿ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡಳು, ಒಂದು ಬದಿ ಮಂಜರಿಯ ತೊಡೆಗೂ ಬಂತು. ಮಂಜರಿ ಅವ್ವನ ರೂಢಿ ಹೇಳಿದಾಗ ಅವಳು ತನ್ನ ತಟ್ಟೆಯಿಂದ ಕಡುಬಿನ ಒಣ ಅಂಚನ್ನು, ಮೀನು ತಾಗದ ಕಡೆ ನೋಡಿ, ಮುರಿದುಕೊಟ್ಟಳು. ಮಂಜರಿ ಅದನ್ನು ಮೂಲೆಯೊಳಗಿಟ್ಟು ಸೂಜಿ ಪೋಣಿಸಿದಳು.

ಆಗ ಫೋನು ನಡುಗಿತು. ಸತ್ಯ.

"ಎಲ್ಲದೀ? ಆರಕ್ಕ ಫ್ಲೈಟು. ಶರ್ಟು ಒಂದೂ ಒಗದಿಲ್ಲಲ್ಲ!"

"ಹೌದ್ರೀ, ಒಗದಿಲ್ಲ. ಮಷೀನು ಅಲ್ಲೇ ಐತಿ."

"ಮಷೀನು ಐತಿ, ಖರೇ. ಯಾವ ಬಟನ್ನು ಒತ್ತಬೇಕು?"

"ತಣ್ಣೀರಿಂದು. ಸೋಪು ಮ್ಯಾಲಿನ ಕಪಾಟಿನ್ಯಾಗ. ಒಂದ ಮುಚ್ಚಳ ಹಾಕ್ರಿ, ಎರಡ ಹಾಕಬ್ಯಾಡ್ರಿ."

ಆಚೆ ಕಪಾಟು ತೆರೆದ ಸದ್ದಾಯಿತು. "ಇಸ್ತ್ರಿ?"

"ಇಸ್ತ್ರಿನೂ ಅಲ್ಲೇ ಐತ್ರಿ," ಅಂದು ಫೋನನ್ನು ಚೀಲಕ್ಕೆ ಹಾಕಿದಳು. ಮತ್ತೆ ಸೂಜಿ ಕೈಗೆತ್ತಿಕೊಂಡಳು. ಸಂಜೆ ಮನೆಗೆ ಹೋದರೆ ಅವನು ಇರುವುದಿಲ್ಲ. ಎರಡು ವಾರ ಫ್ರಿಜ್ಜಿನ ಮಾತು. ಅದು ಬಟ್ಟೆ ಒಗೆದಿಟ್ಟಿದ್ದರೂ ಹಾಗೆಯೇ ಇರುತ್ತಿತ್ತು ಎಂಬುದು ಅವಳಿಗೆ ಸೂಜಿ ಚುಚ್ಚುವಾಗ ಹೊಳೆಯಿತು.

ಪರದೆಯ ಮೇಲೆ ವಿಲಾಮಾರದ ಹುಡುಗರು ಓಡುತ್ತಿದ್ದರು. ಹೊಳೆಯುವ ನೈಲಾನಿನ ಅಂಗಿ, ಅಚ್ಚು ಹಾಕಿದ ಅಂಕಿ. ಬಣ್ಣ ಬಿಡುವಂಥದ್ದಲ್ಲ, ಮೂಲೆ ಏಳುವಂಥದ್ದಲ್ಲ. ಒಟೀಲಿಯಾ ಮುಂದಕ್ಕೆ ಬಾಗಿದ್ದಳು. ಚೆಂಡು ಬುಟ್ಟಿಗೆ ಬಿದ್ದರೆ ಅವಳ ಕೈ ತಾನಾಗಿ ಕೌದಿಯನ್ನು ಹಿಡಿಯುತ್ತಿತ್ತು, ತಪ್ಪಿದರೆ ಬಿಡುತ್ತಿತ್ತು. ಒಮ್ಮೆ ಎಲ್ಲರಿಗಿಂತ ಮೊದಲೇ ಅವಳು ಕೂಗಿದಳು, ಮುಂದಿನ ಸಾಲಿನವರು ತಿರುಗಿ ನೋಡಿದರು.

"ಕಾಣ್ತದ, ಮಗಳ," ಅಂದಳು, ಪರದೆಯಿಂದ ಕಣ್ಣು ತೆಗೆಯದೆ. "ಇವತ್ತ ಆಟ ಕಾಣಾಕತ್ತೇದ."

ಮಂಜರಿಗೆ ಆಟ ಕಾಣಲಿಲ್ಲ. ಅರೆಬೆಳಕಿನಲ್ಲಿ ಅವಳು ಹೊಲಿಯುತ್ತಿದ್ದಳು.

ತಂಡ ಹನ್ನೊಂದು ಅಂಕಗಳಿಂದ ಸೋತಿತು. ಗಂಟೆ ಹೊಡೆದಾಗ ಇಲ್ಲಿಯ ಗಂಡಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಬೆನೀಟೋ ಪರದೆಯ ಪಕ್ಕ ನಿಂತು, ಸಭಾಂಗಣದ ಉದ್ದಕ್ಕೂ ತನ್ನ ತಾಯಿಯ ಕಡೆ ನೋಡುತ್ತಿದ್ದ, ಎಣಿಕೆ ಎಲ್ಲಿಗೆ ನಿಂತಿತ್ತೆಂದು ನೆನಪಿಸಿಕೊಳ್ಳುವವನ ಹಾಗೆ. ಅಲ್ಲಿ, ಕಡಲಾಚೆ, ಆಟಗಾರರು ಅಂಕಣದ ನಡುವೆ ಕೂತುಬಿಟ್ಟಿದ್ದರು. ಒಬ್ಬ ಅಂಗಿಯ ಅಂಚಿನಿಂದ ಮುಖ ಒರೆಸಿಕೊಂಡ. ಇನ್ನೊಬ್ಬ ಅಂಗಿ ಕಳಚಿ ನೆಲಕ್ಕೆ ಹಾಕಿದ, ಅದು ಒದ್ದೆಯಾಗಿ ಮುದ್ದೆಯಾಗಿ ಬಿತ್ತು.

ಒಟೀಲಿಯಾ ಅದನ್ನೇ ನೋಡುತ್ತಿದ್ದಳು.

"ನಾಳಿಂದ ಕ್ಲಬ್ಬಿಲ್ಲ," ಅಂದಳು. "ಇವತ್ತಿನ ಅಂಗಿ ಯಾರು ಒಗೀತಾರ?"

ಮಂಜರಿ ಕೈಯಲ್ಲಿದ್ದ ಹೊಲಿಗೆ ನೋಡಿದಳು. ಮೂಲೆ ಮುಚ್ಚಿತ್ತು. ಸೂಜಿಯಲ್ಲಿ ಒಂದು ಗೇಣು ದಾರ ಉಳಿದಿತ್ತು. ಅವಳು ಅದನ್ನು ಕಡಿಯದೆ ಬೆರಳಿಗೆ ಸುತ್ತಿಕೊಂಡು ಕೂತಳು.